ಯಾರು ಹೇಳಿದರಂತೆ

ಮೆಷಿನ್ನು ಎಂಥ ಹೊತ್ತಿನಲ್ಲಿ ಕೈಕೊಟ್ಟಿತು ಅಂದರೆ, ಒಗೆದಾಗಿತ್ತು, ಹಿಂಡಿರಲಿಲ್ಲ. ಗಾಜಿನ ಬಾಗಿಲಿನಾಚೆ ನೊರೆನೀರು ಅರ್ಧಮಟ್ಟಕ್ಕೆ ನಿಂತಿತ್ತು. ಅದರೊಳಗೆ ಕನ್ನಡಕದವನ ಅಂಗಿಗಳೂ ಅವನ ಹೆಂಡತಿ ಔಷಧಿ ಅಂಗಡಿಗೆ ಹಾಕಿಕೊಂಡು ಹೋಗುವ ಬಿಳಿ ಕೋಟೂ ಒಂದರ ತೋಳು ಇನ್ನೊಂದಕ್ಕೆ ಸುತ್ತಿಕೊಂಡು ಮುದ್ದೆಯಾಗಿ ಬಿದ್ದಿದ್ದವು. ಗುಂಡಿ ಒತ್ತಿದರೆ ಹೂಂ ಅನ್ನುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ಹೆಂಡತಿ ಮೊಣಕಾಲೂರಿ ಮೆಷಿನ್ನಿಗೆ ಕಿವಿಯಿಟ್ಟು ಕೇಳಿದಳು. ಅಡಿಗೆಮನೆಗೆ ಹೋಗಿ ಒಲೆ ಸಣ್ಣ ಮಾಡಿ ಬಂದು ಹೇಳಿದಳು:

"ರೀ, ನೀರು ಹೊರಗೆ ಹಾಕೋ ಪಂಪಿನಲ್ಲಿ ಏನೋ ಸಿಕ್ಕೊಂಡಿರುತ್ತಂತೆ. ಕೆಳಗಡೆ ಫಿಲ್ಟರ್ ಇದೆಯಲ್ಲ, ಅದನ್ನ ಬಿಚ್ಚಿ ನೋಡ್ಬೇಕಂತೆ."

ಅಂತೆ. ಈ ಎರಡಕ್ಷರ ಕಿವಿಗೆ ಬಿದ್ದರೆ ಸಾಕು, ಕನ್ನಡಕದವನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಮೆಷಿನ್ನು ನಿಂತು ಇನ್ನೂ ನೊರೆ ಇಳಿದಿಲ್ಲ, ಅಷ್ಟರೊಳಗೆ ಅವನಿಗೆ ಫೋನ್ ಹೋಯಿತೇ? ಅಡಿಗೆಮನೆಗೆ ಹೋದದ್ದು ಒಲೆ ಸಣ್ಣ ಮಾಡುವುದಕ್ಕಲ್ಲ, ಫೋನ್ ಮಾಡುವುದಕ್ಕೆ. ಇನ್ನೇನು.

ಅವನು ಎಂದರೆ ಲಿಫ್ಟ್ ಭಾವ. ಹೆಂಡತಿಯ ಅಕ್ಕನ ಗಂಡ, ಕನ್ನಡಕದವನಿಗೆ ಷಡ್ಡಕ. ಎರಡು ಬೀದಿ ಆಚೆ ಮನೆ, ಲಿಫ್ಟ್ ಕಂಪನಿಯಲ್ಲಿ ದೊಡ್ಡ ಮೆಕ್ಯಾನಿಕ್ಕು. ಕಂಬದಂಥ ಆಳು, ಹೆಬ್ಬೆರಳು ಒಂದೊಂದೂ ಬಾಗಿಲ ಹಿಡಿಯಷ್ಟು ದಪ್ಪ. ಮದುವೆಯಾದ ಹೊಸತರಲ್ಲಿ ಹೆಂಡತಿ "ಭಾವ ಹೇಳಿದ್ರು, ನಲ್ಲಿಯ ವಾಷರ್ ಹೋಗಿರ್ಬೇಕಂತೆ" ಎಂದು ಪೂರ್ತಿ ಹೇಳುತ್ತಿದ್ದಳು. ಬರಬರುತ್ತಾ ಭಾವನೂ ಉದುರಿದ, ಹೇಳಿದ್ದೂ ಉದುರಿತು, ಬಾಲದ ಅಂತೆ ಒಂದು ಉಳಿಯಿತು. ಫ್ಯಾನ್ ಕಿರುಗುಟ್ಟಿದರೆ ಅಂತೆ, ಬಾಗಿಲು ಕಚ್ಚಿಕೊಂಡರೆ ಅಂತೆ, ಮಿಕ್ಸಿ ಹೊಗೆಯಾಡಿದರೆ ಅಂತೆ. ಅದೂ ಒಂದು ಸಲವಾದರೂ ತಪ್ಪಬೇಡವೇ? ತಪ್ಪಿದ್ದರೆ ಕನ್ನಡಕದವನು ಅವತ್ತು ನೆಮ್ಮದಿಯಾಗಿ ಮಲಗುತ್ತಿದ್ದ. ತಪ್ಪುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಎದ್ದು, ಭಾವ ಹೇಳಿದ ಹಾಗೇ ಮಾಡಿ, ಸರಿಹೋದದ್ದನ್ನು ನೋಡಿ ಇನ್ನಷ್ಟು ಉರಿದುಕೊಳ್ಳುತ್ತಿದ್ದ.

ಅವನೇನು ಕೈಲಾಗದವನಲ್ಲ. ಊರಿನ ಅರ್ಧದಷ್ಟು ಮೂಗುಗಳ ಮೇಲಿದ್ದದ್ದು ಅವನು ಕೂರಿಸಿದ ಕನ್ನಡಕ. ಕಿಟಕಿ ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಎಳ್ಳುಕಾಳಿಗಿಂತ ಚಿಕ್ಕ ತಿರುಪನ್ನು ಚಿಮಟದ ತುದಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸುತ್ತಿದ್ದ. ಉಸಿರು ಬಿಟ್ಟರೆ ತಿರುಪು ಹಾರಿಹೋಗುತ್ತಿತ್ತು. ಗಿರಾಕಿಗಳು "ನಿಮ್ಮ ಕೈ ಅಂದ್ರೆ ಕೈ" ಎನ್ನುತ್ತಿದ್ದರು. ಹೆಂಡತಿ ಒಂದು ಸಲವಾದರೂ ಹಾಗೆ ಅಂದಿದ್ದರೆ ಕೇಳಿ. ಅವಳ ಬಾಯಲ್ಲಿ ಒಂದೇ ಒಂದು ಸಲ ತನ್ನ ಕೈಯ ಮಾತು ಬರಬೇಕು, ಭಾವನ ತಲೆಯ ಮಾತು ಹಿಂದಕ್ಕೆ ಬೀಳಬೇಕು. ಅವನ ಆಸೆ ಇಷ್ಟೇ. ಇದಕ್ಕಾಗಿ ಅವನು ಏನು ಬೇಕಾದರೂ ಬಿಚ್ಚಲು ತಯಾರಿದ್ದ.

ಅದರಲ್ಲೂ ಈ ಮೆಷಿನ್ನು. ಮನೆಯಲ್ಲಿ ಭಾವನನ್ನು ಕೇಳದೆ ಬಂದ ವಸ್ತು ಅಂತ ಇದ್ದರೆ ಇದೊಂದೇ. ಕನ್ನಡಕದವನೇ ಅಂಗಡಿ ಅಂಗಡಿ ತಿರುಗಿ, ಬಾಗಿಲು ತೆಗೆದು ಹಾಕಿ ನೋಡಿ, ಮೆಚ್ಚಿ ತಂದದ್ದು. ಈಗ ಹಳೆಯದಾಗಿದೆ, ಬಿಳಿ ಬಣ್ಣ ಹಲ್ಲಿನ ಬಣ್ಣಕ್ಕೆ ತಿರುಗಿದೆ, ಹಿಂಡುವಾಗ ಗೋಡೆಯವರೆಗೆ ನಡೆದುಕೊಂಡು ಹೋಗುತ್ತದೆ. ಆದರೂ ಅವನದು. ಇದರೊಳಕ್ಕೂ ಭಾವ ಕೈಹಾಕುತ್ತಾನೆ ಅಂದರೆ ಏನರ್ಥ?

"ನಾಳೆ ಅಂಗಡಿಗೆ ರಜೆ. ನಾನೇ ನೋಡ್ತೀನಿ," ಅಂದ. "ನೀನು ಯಾರನ್ನೂ ಕೇಳೋಕೆ ಹೋಗ್ಬೇಡ."

"ಕೇಳಲ್ಲ," ಅಂದಳು ಹೆಂಡತಿ, ತಲೆಯೆತ್ತದೆ.

ಮಾರನೆಯ ದಿನ ತಿಂಡಿ ಮುಗಿದದ್ದೇ ತಡ, ಕನ್ನಡಕದವನು ಪ್ಯಾಂಟು ಮಡಿಚಿ ಮೆಷಿನ್ನಿನ ಹಿಂದೆ ತೂರಿಕೊಂಡ. ಬಚ್ಚಲಿಗೆ ಅಂಟಿಕೊಂಡ ಇಕ್ಕಟ್ಟು ಜಾಗ, ಗೋಡೆಗೂ ಮೆಷಿನ್ನಿಗೂ ನಡುವೆ ಒಬ್ಬ ಮನುಷ್ಯ ಉಸಿರು ಹಿಡಿದರೆ ಹಿಡಿಸಬಹುದು, ಅಷ್ಟೇ. ಹೆಂಡತಿ ಬಾಗಿಲಲ್ಲಿ ನಿಂತಳು.

"ಮೊದಲು ಪ್ಲಗ್ ತೆಗೀಬೇಕಂತೆ. ಆಮೇಲೆ ಒಳಗಿರೋ ನೀರನ್ನ ಬಸೀಬೇಕಂತೆ."

ಪ್ಲಗ್ ಅವನು ಆಗಲೇ ತೆಗೆದಿದ್ದ. ಅಂತೆ ಕೇಳಿದ ಮೇಲೆ ಮತ್ತೆ ಹಾಕಿಬಿಡೋಣ ಅನ್ನಿಸಿತು. ಹಾಕಲಿಲ್ಲ, ಅಷ್ಟು ಬುದ್ಧಿ ಉಳಿದಿತ್ತು. ಆದರೆ ನೀರು ಬಸಿಯಲು ಅವನ ಮನಸ್ಸು ಸುತರಾಂ ಒಪ್ಪಲಿಲ್ಲ. ಕೆಳಗಿನ ಫಿಲ್ಟರ್ ಅಂತೂ ಭಾವನ ಫಿಲ್ಟರ್ ಆಗಿಬಿಟ್ಟಿತ್ತು. ಅದರ ಮುಚ್ಚಳವನ್ನು ಮುಟ್ಟಿದರೆ ಭಾವನ ಕಾಲು ಮುಟ್ಟಿದ ಹಾಗೆ. ರೋಗ ಹಿಂದುಗಡೆಯೇ ಇರಬೇಕು ಎಂದು ತೀರ್ಮಾನಿಸಿ ಹಿಂಬದಿಯ ತಗಡು ಬಿಚ್ಚಿದ. ತಿರುಪುಗಳನ್ನು ಅಂಗಡಿಯಲ್ಲಿ ಮಾಡುವಂತೆ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಒಳಗೆ ದೊಡ್ಡ ಚಕ್ರ, ಸಣ್ಣ ಚಕ್ರ, ಎರಡಕ್ಕೂ ಸುತ್ತಿದ ಕಪ್ಪು ಬೆಲ್ಟು. ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಒರೆಸಿ, ಮತ್ತೆ ಹಾಕಲು ಹೊರಟ. ಒಂದು ಮಗ್ಗುಲು ನುಣ್ಣಗಿತ್ತು, ಇನ್ನೊಂದು ಮಗ್ಗುಲಲ್ಲಿ ಉದ್ದುದ್ದ ಗೀರುಗಳಿದ್ದವು. ಹೇಗಿತ್ತು ಎಂದು ನೋಡಿಕೊಂಡಿರಲಿಲ್ಲ. ಸೈಕಲ್ ಟೈರಿನ ಗೀರು ಹೊರಗಿರುತ್ತದೆ, ಇದೂ ಹಾಗೇ ಇರಬೇಕು ಎಂದುಕೊಂಡ.

"ಗೀರು ಒಳಗೆ ಬರ್ಬೇಕಂತೆ," ಅಂದಳು ಬಾಗಿಲಿನವಳು.

ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ಅವನಿಗೂ ಅನುಮಾನ ಬಂದಿತ್ತು. ಸಣ್ಣ ಚಕ್ರದ ಮೇಲೂ ಅಂಥದೇ ಗೀರುಗಳಿದ್ದವು. ಕನ್ನಡಕದ ಗಾಜನ್ನು ಚೌಕಟ್ಟಿನ ಗೀರಿಗೆ ಕೂರಿಸಿ ಬದುಕುವವನಿಗೆ ಅದು ಕಾಣದೇ ಇರುತ್ತದೆಯೇ? ಕಂಡಿತು. ಕಂಡ ಮೇಲೂ ಗೀರನ್ನು ಹೊರಗೇ ಇಟ್ಟು ಬೆಲ್ಟು ಎಳೆದು ಹಾಕಿದ. ಅಂತೆ ಅಂದಮೇಲೆ ಮುಗಿಯಿತು, ಒಳಗೆ ಹಾಕಿದರೆ ಭಾವನದು ಸರಿ ಅಂತಾಗುತ್ತದಲ್ಲ.

ಪ್ಲಗ್ ಹಾಕಿ ಗುಂಡಿ ಒತ್ತಿದಾಗ ಮೆಷಿನ್ನು ಚೀರಿತು. ಬೆಲ್ಟು ಜಾರಿ ಜಾರಿ ಸುಟ್ಟ ರಬ್ಬರಿನ ವಾಸನೆ ಮನೆಯೆಲ್ಲ ತುಂಬಿತು. ಹೆಂಡತಿ ಹೋಗಿ ಕಿಟಕಿ ತೆರೆದಳು. ಆ ಕಿಟಕಿ ತೆರೆದದ್ದು ಅವನಿಗೆ ಅಂತೆಗಿಂತ ಹೆಚ್ಚು ಚುಚ್ಚಿತು. ಈಗ ಮಾನ ಉಳಿಯಬೇಕಾದರೆ ದೊಡ್ಡದೇನಾದರೂ ಮಾಡಬೇಕಿತ್ತು. ಮತ್ತೆ ಹಿಂದೆ ತೂರಿಕೊಂಡು, ಬುಡದಲ್ಲಿ ಕಂಡ ದಪ್ಪ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲಿಸಿ ಒಂದೇ ಏಟಿಗೆ ಎಳೆದ.

ನಿನ್ನೆಯಿಂದ ಒಳಗೆ ಸುಮ್ಮನೆ ಕೂತಿದ್ದ ನೀರಿಗೆ ಇದೇ ಬೇಕಾಗಿತ್ತು. ಅವನ ಮಡಿಲಿಗೆ, ಅಲ್ಲಿಂದ ನೆಲಕ್ಕೆ, ನೆಲದಿಂದ ಹೊಸ್ತಿಲು ದಾಟಿ ನಡುಮನೆಗೆ ಹರಿಯಿತು. ಬಿಳಿ ಬಟ್ಟೆಯೂ ಅದರ ಮೇಲೆ ಸಾಲಾಗಿ ಇಟ್ಟಿದ್ದ ತಿರುಪುಗಳೂ ಕೊಚ್ಚಿಕೊಂಡು ಸೋಫಾದ ಕೆಳಕ್ಕೆ ಹೋದವು. ಅವನು ತಲೆಯೆತ್ತಿ ನೋಡಿದಾಗ ಹೆಂಡತಿ ಒಣ ನೆಲದಲ್ಲಿ ನಿಂತಿದ್ದಳು, ಕಿತ್ತ ಪ್ಲಗ್ ಅವಳ ಕೈಯಲ್ಲಿತ್ತು.

"ಏಳಿ, ಬಟ್ಟೆ ಬದಲಾಯಿಸ್ಕೊಳ್ಳಿ. ಶೀತ ಆಗುತ್ತೆ," ಅಂದಳು.

"ಶೀತ ಆಗುತ್ತಂತೆ ಅನ್ನು," ಅಂದ ಅವನು. "ಅದನ್ನೂ ಅವನೇ ಹೇಳಿರ್ತಾನೆ."

ಅವಳಿಗೆ ಅರ್ಥವಾಗಲಿಲ್ಲ. ಅಥವಾ ಆಯಿತೋ ಏನೋ, ನೆಲ ಒರೆಸುವ ಬಟ್ಟೆ ತರಲು ಹೋದಳು. ಕನ್ನಡಕದವನು ಒದ್ದೆ ಪ್ಯಾಂಟಿನಲ್ಲೇ ಚಪ್ಪಲಿ ಮೆಟ್ಟಿ ಬೀದಿಗಿಳಿದ. ಇವತ್ತು ಇದು ಇತ್ಯರ್ಥ ಆಗಿಬಿಡಬೇಕು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ: "ಅಣ್ಣ, ಬೇಜಾರು ಮಾಡ್ಕೋಬೇಡಿ. ಇನ್ನು ಮೇಲೆ ನಮ್ಮನೆ ವಿಷಯಕ್ಕೆ ನೀವು ತಲೆ ಹಾಕ್ಬಾರದು. ನನ್ನ ಮನೆ ನಾನು ನೋಡ್ಕೋತೀನಿ." ಬೇಕರಿ ದಾಟುವ ಹೊತ್ತಿಗೆ 'ಬೇಜಾರು ಮಾಡ್ಕೋಬೇಡಿ' ಬಿದ್ದುಹೋಗಿತ್ತು. ಭಾವನ ಗೇಟು ತಲುಪುವ ಹೊತ್ತಿಗೆ 'ಅಣ್ಣ'ನೂ ಇರಲಿಲ್ಲ.

ಬಾಗಿಲು ತೆಗೆದ ಲಿಫ್ಟ್ ಭಾವ ಇವನ ಒದ್ದೆ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದ. ಅವನ ಮುಖವೂ ಊದಿತ್ತು.

"ಬಾರಯ್ಯ. ನಾನೇ ನಿಮ್ಮನೆಗೆ ಬರೋನಿದ್ದೆ. ಒಳ್ಳೇದಾಯ್ತು," ಅಂದ. ಕೂರು ಅನ್ನಲಿಲ್ಲ. "ಒಂದು ಮಾತು ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡ. ಇನ್ನು ಮೇಲೆ ನಮ್ಮನೆ ವಿಷಯಕ್ಕೆ ನೀನು ತಲೆ ಹಾಕ್ಬಾರದು."

ಕನ್ನಡಕದವನು ಬಾಯಿಪಾಠ ಮಾಡಿಕೊಂಡು ಬಂದದ್ದೂ ಇದೇ. ತನ್ನ ಮಾತನ್ನು ಇವನು ಎಲ್ಲಿಂದ ಎತ್ತಿಕೊಂಡ?

"ನಾನಾ? ನಾನೇನು ಮಾಡ್ದೆ?"

"ಏನು ಮಾಡಿಲ್ಲ ಹೇಳು. ನಾನು ಲಿಫ್ಟ್ ರಿಪೇರಿ ಮಾಡೋನು. ಆಸ್ಪತ್ರೆ ಲಿಫ್ಟ್ ನಿಂತ್ರೆ ಡಾಕ್ಟ್ರು ನನ್ನ ದಾರಿ ಕಾಯ್ತಾರೆ. ಅಂಥವನ ಮನೇಲಿ ಫ್ರಿಜ್ಜು ಸೋರಿದ್ರೆ ಕನ್ನಡಕದವನು ಹೇಳ್ಬೇಕಾ? ಇಸ್ತ್ರಿಪೆಟ್ಟಿಗೆ ಕೆಟ್ರೆ ತಂಗಿ ಗಂಡ ಹೀಗಂದ್ರಂತೆ, ಗೀಸರ್ ಕೆಟ್ರೆ ತಂಗಿ ಗಂಡ ಹಾಗಂದ್ರಂತೆ. ಇವಳು ತಂಗಿಗೆ ಫೋನ್ ಮಾಡೋದು, ಅಲ್ಲಿಂದ ನಿನ್ನ ಉಪದೇಶ ಬರೋದು. ಬೆಳಗಾದ್ರೆ ನಿಂದೇ ಜಪ. ಅದೂ ಸುಳ್ಳಾದ್ರೂ ಆಗುತ್ತಾ ಅಂದ್ರೆ ಆಗಲ್ಲ. ಹೇಳಿದ ಹಾಗೆ ಮಾಡಿದ್ರೆ ಸರಿಹೋಗಿಬಿಡುತ್ತೆ. ಆಗ ನನ್ನ ಹೆಂಡತಿ ನನ್ನ ನೋಡೋ ನೋಟ ಇದೆಯಲ್ಲ, ಅದು ನನಗೆ ಗೊತ್ತು."

ಆ ನೋಟ ಕನ್ನಡಕದವನಿಗೂ ಗೊತ್ತಿತ್ತು. ಆದರೆ ಅವನು ಜೀವಮಾನದಲ್ಲಿ ಗೀಸರ್ ಬಗ್ಗೆ ಬಾಯಿ ಬಿಟ್ಟವನಲ್ಲ. ಗೀಸರ್ ಒಳಗೆ ಏನಿದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

"ಅಣ್ಣ, ನಮ್ಮನೆ ಮೆಷಿನ್ನು ಕೆಟ್ಟಿದ್ದು ನಿಮಗೆ ಗೊತ್ತಾ?" ಮೆಲ್ಲಗೆ ಕೇಳಿದ.

"ನನಗೆ ಹೇಗಯ್ಯ ಗೊತ್ತಾಗುತ್ತೆ? ನಿನ್ನ ಹೆಂಡತಿ ನನಗ್ಯಾವತ್ತು ಫೋನ್ ಮಾಡಿದಾಳೆ?"

ಅಲ್ಲಿಗೆ ಗಂಟು ಬಿಚ್ಚಿಕೊಂಡಿತು. ತನ್ನ ಮನೆಯಲ್ಲಿ ಭಾವನ ಹೆಸರಲ್ಲಿ, ಭಾವನ ಮನೆಯಲ್ಲಿ ತನ್ನ ಹೆಸರಲ್ಲಿ. ನಡುವೆ ನಿಂತವಳು ಒಬ್ಬಳೇ, ತನ್ನ ಹೆಂಡತಿ. ಮೆಷಿನ್ನಿಗೆ ಕಿವಿಯಿಟ್ಟು ಕೇಳಿದ್ದು ಅವಳು, ಒಲೆ ಸಣ್ಣ ಮಾಡಲು ಹೋದವಳು ನಿಜವಾಗಿಯೂ ಒಲೆಯನ್ನೇ ಸಣ್ಣ ಮಾಡಿ ಬಂದಿದ್ದಳು.

ಇದನ್ನು ಆಗಲೇ ಭಾವನಿಗೆ ಹೇಳಬಹುದಿತ್ತು. ನ್ಯಾಯವಾಗಿ ಹೇಳಬೇಕಿತ್ತು. ಆದರೆ ಒಂದು ಕ್ಷಣ ಅವನ ಜಾಗದಲ್ಲಿ ನಿಂತು ನೋಡಿ. ಇಷ್ಟು ವರ್ಷ ಯಾರನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದನೋ, ಆ ಕಂಬದಂಥ ಆಳು ಇವತ್ತು ಎದುರಿಗೆ ನಿಂತು, ನಿನ್ನನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ ಅನ್ನುತ್ತಿದ್ದಾನೆ. ಕಿವಿಗೆ ಜೇನು ಸುರಿದಂತಾಗಿತ್ತು. ಇದನ್ನು ಕೈಯಾರೆ ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ?

"ಏನೋ ಅಣ್ಣ, ಗೊತ್ತಿದ್ದಷ್ಟು ಹೇಳ್ತೀನಿ. ತಪ್ಪು ತಿಳ್ಕೋಬೇಡಿ," ಅಂದುಬಿಟ್ಟ, ಕತ್ತು ಒಂದು ಪಕ್ಕಕ್ಕೆ ವಾಲಿಸಿ.

ಭಾವ ಇನ್ನೂ ಕುದ್ದ. ಅದನ್ನು ನೋಡಿಕೊಂಡು ಹೊರಬಿದ್ದ ಕನ್ನಡಕದವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇಕರಿಯವರೆಗೂ ಹಾರಿಕೊಂಡೇ ಬಂದ. ಅಲ್ಲಿಂದಾಚೆ ಪ್ಯಾಂಟಿನ ಒದ್ದೆ ತೊಡೆಗೆ ಅಂಟತೊಡಗಿತು, ತಲೆಯೂ ಓಡತೊಡಗಿತು. ಭಾವ ಉರಿದುಕೊಳ್ಳುತ್ತಿದ್ದದ್ದು ತನ್ನ ಮೇಲಲ್ಲ. ಆ ಇಸ್ತ್ರಿಪೆಟ್ಟಿಗೆ, ಆ ಗೀಸರ್, ಒಂದೂ ತನ್ನದಲ್ಲ. ತಾನು ಉರಿದುಕೊಂಡ ನಲ್ಲಿ, ಫ್ಯಾನು, ಮಿಕ್ಸಿ, ಅವೂ ಭಾವನವಲ್ಲ. ಎಲ್ಲವೂ ಅವಳವೇ. ಭಾವನ ಮೇಲಿದ್ದ ಹೊಟ್ಟೆಕಿಚ್ಚು ಆರಲಿಲ್ಲ. ಮಗ್ಗುಲು ಬದಲಾಯಿಸಿ ಅವಳ ಮೇಲೆ ಹೋಗಿ ಕೂತಿತು. ಭಾವನಾದರೂ ಎರಡು ಬೀದಿ ಆಚೆ ಇದ್ದ. ಇವಳು ಒಂದೇ ಸೂರಿನ ಕೆಳಗೆ, ಎದುರಿಗೆ ಕೂತು ಊಟ ಮಾಡುವವಳು. ಇವಳ ಮೇಲೆ ಹೊಟ್ಟೆಕಿಚ್ಚು ಇಟ್ಟುಕೊಂಡು ಬದುಕುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ.

ಮನೆಗೆ ಬಂದರೆ ನೆಲ ಒಣಗಿತ್ತು. ಹೆಂಡತಿ ಮೆಷಿನ್ನಿನ ಮುಂದೆ ಕಾಲು ಚಾಚಿ ಕೂತು, ಕೆಳಗಿನ ಪುಟ್ಟ ಬಾಗಿಲಿನೊಳಗೆ ಮೊಣಕೈವರೆಗೆ ಕೈ ತೂರಿಸಿದ್ದಳು. ಮುಖ ಮೇಲಕ್ಕೆತ್ತಿ, ಕಣ್ಣು ಮುಚ್ಚಿಕೊಂಡು, ಬೆರಳಿನಲ್ಲೇ ಹುಡುಕುತ್ತಿದ್ದಳು. ಆಮೇಲೆ ಮೆಲ್ಲಗೆ ಎಳೆದಳು. ಹೊರಬಂದದ್ದು ಕನ್ನಡಕ ಒರೆಸುವ ತುಂಡು ಬಟ್ಟೆ, ಅವನದೇ ಅಂಗಿಯ ಜೇಬಿನದು, ಹಿಂಡಿ ಹುರಿಯಾಗಿತ್ತು.

ಅವಳು ಅದನ್ನು ಬಕೆಟ್ಟಿಗೆ ಹಾಕಿ, ಫಿಲ್ಟರ್ ತಿರುಗಿಸಿ ಬಿಗಿ ಮಾಡಿ, ಪ್ಲಗ್ ಹಾಕಿ ಗುಂಡಿ ಒತ್ತಿದಳು. ಹಿಂದಿನ ಬೆಲ್ಟು ಆಗಲೇ ಸರಿಯಾಗಿತ್ತು, ಪೈಪೂ ಕೂತಿತ್ತು. ಮೆಷಿನ್ನು ನೀರು ತುಂಬಿಕೊಂಡು, ಒಂದೆರಡು ಸುತ್ತು ತಿರುಗಿ, ಗಟಗಟನೆ ಹೊರಗೆ ಹಾಕಿತು.

"ಯಾರು ಹೇಳಿದ್ರು?" ಅಂದ ಅವನು.

ಅವಳು ಬೆಚ್ಚಿ ತಿರುಗಿದಳು. "ಅದೇ, ಭಾವ ಒಂದ್ಸಲ..."

"ಭಾವನ ಮನೆಯಿಂದಾನೇ ಬರ್ತಾ ಇದೀನಿ."

ಅವಳು ಕೈಗೆ ಮೆತ್ತಿದ ಕಪ್ಪು ಕೊಳೆಯನ್ನು ಹಳೇ ಬಟ್ಟೆಯಿಂದ ಒಂದೊಂದೇ ಬೆರಳಾಗಿ ಒರೆಸಿಕೊಂಡಳು. ಅಳುತ್ತಾಳೇನೋ ಎಂದುಕೊಂಡ. ಅತ್ತಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

"ಮದುವೆಯಾದ ಹೊಸದರಲ್ಲಿ ನಲ್ಲಿ ಸೋರ್ತಿತ್ತು," ಅಂದಳು. "ವಾಷರ್ ಹೋಗಿದೆ ಅಂತ ನಿಮಗೆ ಹೇಳಿದೆ. ನೀವು ನಕ್ಕುಬಿಟ್ರಿ. ವಾರವೆಲ್ಲಾ ಹೇಳಿದೆ, ವಾರವೆಲ್ಲಾ ನಕ್ರಿ. ಭಾವ ಹೇಳಿದ್ರು ಅಂದೆ, ಅವತ್ತೇ ಎದ್ದು ಹೋಗಿ ವಾಷರ್ ತಂದ್ರಿ. ಅಕ್ಕನ ಮನೇಲೂ ಅದೇ ಕಥೆ. ಅಲ್ಲಿ ನಿಮ್ಮ ಹೆಸರು ಹೇಳಿದ್ರೆ ಭಾವ ಏಳ್ತಾರೆ."

"ನಿನಗೆ ಏನೂ ಅನ್ನಿಸ್ತಿರ್ಲಿಲ್ವಾ?"

"ನನಗೆ ನಲ್ಲಿ ಸರಿಹೋಗ್ಬೇಕಿತ್ತು," ಅಂದಳು.

ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಲಿಫ್ಟ್ ಭಾವ. ಫೋನ್ ಒದ್ದೆಯಾಗಿದ್ದರಿಂದ ಕಿವಿಗಿಡದೆ ಮೆಷಿನ್ನಿನ ಮೇಲಿಟ್ಟು ಸ್ಪೀಕರ್ ಒತ್ತಿದ. ಭಾವನ ದನಿ ಈಗ ಬಹಳ ಮೆತ್ತಗಾಗಿತ್ತು.

"ಆಗ ಏನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ. ಆ ಫ್ರಿಜ್ಜು ಇನ್ನೂ ಸೋರ್ತಾ ಇದೆ. ಇವಳು ನಿನ್ನ ಕೇಳು ಅಂತ ತಲೆ ತಿಂತಾ ಇದಾಳೆ. ಏನು ಮಾಡ್ಲಿ, ಹೇಳು."

ಕನ್ನಡಕದವನು ಹೆಂಡತಿಯನ್ನು ನೋಡಿದ. ಅವಳು ಆಗಲೇ ಬಾಯಿ ತೆರೆದು, ಅವನಿಗೆ ಕೇಳಿಸುವಷ್ಟೇ ಮೆಲ್ಲಗೆ, ಹೇಳಿಕೊಡಲು ಬಗ್ಗಿದ್ದಳು. ಅವಳು ಹೇಳಿದ್ದನ್ನು ಒಪ್ಪಿಸಿಬಿಟ್ಟರೆ ಮುಗಿಯಿತು. ಭಾವ ಸಾಯುವವರೆಗೂ ತನ್ನನ್ನು ನೋಡಿ ಉರಿದುಕೊಳ್ಳುತ್ತಾನೆ. ಅದು ಎಷ್ಟು ಸಿಹಿ ಎಂದು ಈಗಷ್ಟೇ ನಾಲಿಗೆಗೆ ತಾಗಿತ್ತು. ಗಂಟಲಿಗೆ ಬಂದದ್ದನ್ನು ನುಂಗಿಕೊಂಡು, ಬೇಡದ ಕಷಾಯ ಕುಡಿದವನಂತೆ ಮುಖ ಕಿವುಚಿ ಅಂದ:

"ಅಣ್ಣ, ನನಗೆ ಏನೂ ಗೊತ್ತಿಲ್ಲ. ಇಷ್ಟು ದಿನ ನಿಮಗೆ ಹೇಳಿ ಕಳಿಸಿದ್ದೆಲ್ಲಾ ಇವಳೇ. ನನ್ನ ಹೆಸರು ಸುಮ್ನೆ ಹೇಳ್ತಿದ್ಲು. ಇಲ್ಲಿ ಪಕ್ಕದಲ್ಲೇ ಇದಾಳೆ, ಇವಳನ್ನೇ ಕೇಳಿ."

ಅತ್ತ ಕಡೆ ಭಾವ ಹೊಟ್ಟೆ ತುಂಬ ನಕ್ಕ.

"ಇನ್ನೂ ಕೋಪ ಇಳಿದಿಲ್ಲ ಅನ್ನು. ತಮಾಷೆ ಸಾಕಯ್ಯ. ಹೆಂಗಸರಿಗೆ ಇದೆಲ್ಲ ಏನು ಗೊತ್ತಾಗುತ್ತೆ? ಬೇಗ ಹೇಳು, ನೆಲವೆಲ್ಲ ನೀರಾಗ್ತಿದೆ."

ಕನ್ನಡಕದವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಜಗಳಕ್ಕೆ ಬಾಯಿ ತೆರೆದ. ಆದರೆ ಅವಳ ಮುಖ ನೋಡಿ ಮಾತು ಅಲ್ಲೇ ನಿಂತಿತು. ಅವಳಿಗೆ ಸಿಟ್ಟೂ ಬಂದಿರಲಿಲ್ಲ, ನೋವೂ ಆದಂತಿರಲಿಲ್ಲ. ಗೊತ್ತಿದ್ದ ಮಾತನ್ನೇ ಇನ್ನೊಂದು ಸಲ ಕೇಳಿದವಳ ಹಾಗೆ, ಭಾವನ ನಗು ಮುಗಿಯುವುದನ್ನು ಕಾಯುತ್ತಿದ್ದಳು. ನಗು ಮುಗಿದ ಮೇಲೆ ಫೋನಿನ ಕಡೆ ಬಗ್ಗಿದಳು.

"ಹೌದು ಭಾವ, ಇವರು ತಮಾಷೆ ಮಾಡ್ತಾರೆ. ಫ್ರಿಜ್ಜಿನ ಒಳಗೆ, ಹಿಂದಿನ ಗೋಡೆ ಬುಡದಲ್ಲಿ ಸಣ್ಣ ತೂತು ಇದೆ ನೋಡಿ. ಅದು ಕಟ್ಕೊಂಡಿರುತ್ತಂತೆ. ಪ್ಲಗ್ ತೆಗೆದು, ಬಿಸಿನೀರು ಬಿಡ್ಬೇಕಂತೆ. ಇವರೇ ಹೇಳ್ತಾ ಇದಾರೆ."

"ಹಾಗೆ ಹೇಳು ಮತ್ತೆ," ಅಂದ ಭಾವ. "ಅವನ ತಲೆ ಅಂದ್ರೆ ತಲೆ."

ಮೆಷಿನ್ನು ಹಿಂಡಲು ಶುರುಮಾಡಿ ಅಲುಗತೊಡಗಿತು. ಫೋನ್ ಜಾರಿ ಬೀಳದಂತೆ ಹೆಂಡತಿ ಒಂದು ಕೈಯಲ್ಲಿ ಹಿಡಿದುಕೊಂಡಳು. ಕನ್ನಡಕದವನು ಪಕ್ಕದಲ್ಲೇ ನಿಂತಿದ್ದ. ಆ ಮನೆಯವರ ಮಾತಿನಲ್ಲಿ ತನ್ನದೇ ಹೆಸರಿನ ಇನ್ನೊಬ್ಬ ಗಂಡನಿದ್ದಾನೆ, ಅವನು ಹೆಂಡತಿಯ ಮಾತನ್ನು ಒಂದಕ್ಷರ ಬಿಡದೆ ಕೇಳುತ್ತಾನೆ, ಅದಕ್ಕೇ ಅವನು ಹೇಳಿದ್ದು ಎಂದೂ ತಪ್ಪುವುದಿಲ್ಲ. ಅವನನ್ನು ನೆನೆದು ಕನ್ನಡಕದವನಿಗೆ ಹೊಟ್ಟೆ ಉರಿಯಿತು. ಭಾವ ಇನ್ನೂ ಹೊಗಳುತ್ತಲೇ ಇದ್ದ, ಅವಳು ಹೂಂಗುಟ್ಟುತ್ತಿದ್ದಳು.